ಗಾಡಿ, ಕರೆಂಟು ಮತ್ತು ಅಪ್ಪನ ಬಿಸ್ಕೀಟು ಡಬ್ಬಿ

ಹುನಗುಂದದಿಂದ ಇಳಕಲ್ಲಿಗೆ ಬರುವುದೆಂದರೆ ನಮಗೆ ಈ ಓಣಿಯಿಂದ ಆ ಓಣಿಗೆ ಹೋದಂತೆ. ಅಂಥ ದಾರಿಯಲ್ಲಿ ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನನ್ನ ಗಾಡಿ ನಿಂತುಬಿಟ್ಟಿತು. ಹೆದ್ದಾರಿಯಿಂದ ಊರೊಳಗೆ ತಿರುಗಲು ಹ್ಯಾಂಡಲ್ ಎಡಕ್ಕೆ ಹೊರಳಿಸಿದೆ, ಅಷ್ಟೇ. ಎಂಜಿನ್ ಕೆಮ್ಮಲಿಲ್ಲ, ಜಗ್ಗಲಿಲ್ಲ, ದಾರ ಕತ್ತರಿಸಿದಂತೆ ನಿಂತಿತು. ಕೀ ತಿರುಗಿಸಿದರೆ ಹಾರ್ನ್ ಬರುತ್ತದೆ, ಇಂಡಿಕೇಟರ್ ಮಿನುಗುತ್ತದೆ. ಆದರೆ ಪೆಟ್ರೋಲ್ ಟ್ಯಾಂಕಿನೊಳಗಿನ ಪಂಪು ಎರಡು ಸೆಕೆಂಡು 'ಗುಂಯ್' ಅನ್ನಬೇಕಲ್ಲ, ಅದು ಇಲ್ಲ. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಒಮ್ಮೆ ಹತ್ತಿ ಆರಬೇಕಲ್ಲ, ಅದೂ ಇಲ್ಲ.

ಈ ಎರಡು 'ಇಲ್ಲ'ಗಳ ಅರ್ಥ ಅವತ್ತು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಛೋಟಾ ಹಾಥಿ ಬಾಡಿಗೆಗೆ ಹಿಡಿದು ಗಾಡಿಯನ್ನು ಬಾಗಲಕೋಟೆಗೆ ಸಾಗಿಸುತ್ತಿರಲಿಲ್ಲ. ಅಲ್ಲಿನ ಸರ್ವೀಸಿನವರು (ಹೆಸರು ಬೇಡ ಬಿಡಿ) ಎರಡು ದಿನ ಇಟ್ಟುಕೊಂಡು ಫೋನ್ ಮಾಡಿದರು. "ಸರ್, ಸ್ಕ್ಯಾನರ್ ಹಚ್ಚಿದ್ರ ಇಸಿಯು ಮಾತಾಡವಲ್ದರೀ. ಇಸಿಯು ಹೋಗೇತಿ. ಹನ್ನೊಂದ್ ಸಾವಿರ ಆಗತೈತಿ, ಮಾಲ್ ಬರಾಕ ಹದಿನೈದ್ ದಿನ."

ನನ್ನದು ಸ್ಟೇಷನರಿ ಅಂಗಡಿ. ಮೇ ಕೊನೆ ಬಂತೆಂದರೆ ಹಳ್ಳಿ ಅಂಗಡಿಗಳಿಗೆ ನೋಟ್‌ಬುಕ್ಕು, ಪಾಟಿ, ಪೆನ್ಸಿಲ್ ಮುಟ್ಟಿಸಬೇಕು. ಸಾಲಿ ಸುರುವಾಗುವ ಆ ಹದಿನೈದು ದಿನದ ವ್ಯಾಪಾರದ ಮೇಲೆ ನನ್ನ ಅರ್ಧ ವರ್ಷ ನಿಂತಿದೆ. ಹನ್ನೊಂದು ಸಾವಿರ ಹೇಗೋ ಹೊಂದಿಸಬಹುದಿತ್ತು, ಹದಿನೈದು ದಿನ ಮಾತ್ರ ಎಲ್ಲಿಂದ ತರಲಿ? ಗಾಡಿ ಹಾಗೇ ವಾಪಸು ತಂದೆ.

ಕಟ್ಟೆ ಮೇಲೆ ಕೂತಿದ್ದ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪನಿಗೆ ಎಂಬತ್ತರ ಹತ್ತಿರ. ಕೈ ನಡುಗುತ್ತದೆ, ಬೆಳಿಗ್ಗೆ ಉಂಡದ್ದು ಮಧ್ಯಾಹ್ನ ನೆನಪಿರುವುದಿಲ್ಲ. ಆದರೆ ಕಿವಿ ನಿಮಿರಿತು.

"ದೀಪಾನ ಹತ್ತಲಿಲ್ಲ ಅಂದ್ಯೇನು?"

"ಇಲ್ಲಪ್ಪಾ."

"ಹಂಗಾದ್ರ ಅದಕ್ಕ ಕರೆಂಟ ಹೋಗವಲ್ದು. ಊಟಾನ ಹಾಕಿಲ್ಲ, ಆಮ್ಯಾಲ ಮನಶ್ಯಾ ಮಾತಾಡವಲ್ಲ ಅಂದ್ರ ಹೆಂಗೋ ತಮ್ಮಾ?"

ಇಸಿಯು ಅಂದರೇನು ಅಂತ ಅಪ್ಪನಿಗೆ ಗೊತ್ತಿಲ್ಲ. ಆದರೂ ಆ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ಅದು ಎಲ್ಲಿಂದ ಬಂತು ಅಂತ ಹೇಳಬೇಕಾದರೆ ಸುಮಾರು ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅಪ್ಪ ಕನ್ನಡ ಸಾಲಿ ಮಾಸ್ತರ. ಆಗ ನಮ್ಮದಿನ್ನೂ ಬಿಜಾಪುರ ಜಿಲ್ಲೆ (ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ), ಇಳಕಲ್ ಕೂಡ ಹುನಗುಂದ ತಾಲೂಕಿನೊಳಗೇ ಇತ್ತು. ವರ್ಗಾವಣೆ ಆದ ಹಳ್ಳಿಗೆಲ್ಲ ಸೈಕಲ್ ತುಳಿದು ಸಾಕಾಗಿ ಅಪ್ಪ ಎರಡನೇ ಕೈಯ ಒಂದು ಜಾವಾ ಕೊಂಡರು.

ಜಾವಾ ಮೂಲತಃ ಜೆಕೊಸ್ಲೊವಾಕಿಯಾದ ಗಾಡಿ. 1929ರಲ್ಲಿ ಯಾನೆಚೆಕ್ ಎಂಬ ಕಾರ್ಖಾನೆದಾರ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ವಿನ್ಯಾಸ ಕೊಂಡು, ತನ್ನ ಹೆಸರಿನ ಮೊದಲ ತುಣುಕಿಗೆ ವಾಂಡರರ್‌ನ ಮೊದಲ ತುಣುಕು ಅಂಟಿಸಿ 'ಜಾವಾ' ಮಾಡಿದ. ಮುಂಬಯಿಯಲ್ಲಿ ಆ ಗಾಡಿಗಳನ್ನು ತರಿಸಿ ಮಾರುತ್ತಿದ್ದ ಇರಾನಿ ಕುಟುಂಬದವರು, ಆಮದಿಗೆ ಸರಕಾರ ಬೇಲಿ ಹಾಕಿದ ಮೇಲೆ, ಮೈಸೂರಿನ ಯಾದವಗಿರಿಯಲ್ಲಿ 'ಐಡಿಯಲ್ ಜಾವಾ' ಕಾರ್ಖಾನೆ ಕಟ್ಟಿದರು. 1961ರಿಂದ ಅಲ್ಲಿ ಗಾಡಿಗಳು ತಯಾರಾಗತೊಡಗಿದವು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ ಬೆಂಬಲವೂ ಅದಕ್ಕಿತ್ತು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ 'ಯೆಜ್ಡಿ' ಬಂತು, 1996ರಲ್ಲಿ ಕಾರ್ಖಾನೆಗೇ ಬೀಗ ಬಿತ್ತು.

ಜಾವಾ ನೋಡಿದವರಿಗೆ ಕಿಕ್ಕರ್ರೇ ಗೇರ್ ಲಿವರ್ ಆಗುವ ಚಮತ್ಕಾರ ನೆನಪಿರುತ್ತದೆ, ಎರಡು ಸೈಲೆನ್ಸರಿನ 'ಡುಗುಡುಗು' ನೆನಪಿರುತ್ತದೆ. ನನಗೆ ನೆನಪಿರುವುದು ಬಲಗಡೆಯ ಅಲ್ಯೂಮಿನಿಯಂ ಮುಚ್ಚಳ. ಅದನ್ನು ಬಿಚ್ಚಿದರೆ ಇಡೀ ಕರೆಂಟಿನ ಸಂಸಾರ ಕಣ್ಣೆದುರಿಗೆ! ಕ್ರ್ಯಾಂಕಿನ ತುದಿಯಲ್ಲಿ 6 ವೋಲ್ಟಿನ ಡೈನಮೋ, ಅದಕ್ಕೆ ಇಂಗಾಲದ ಬ್ರಶ್ಶುಗಳು, ಅಲ್ಲೇ ಪಾಯಿಂಟು. ಎಂಜಿನ್ ತಿರುಗಿದಂತೆ ಪಾಯಿಂಟು ಬಾಯಿ ತೆರೆದು ಮುಚ್ಚುತ್ತದೆ. ತೆರೆದ ಗಳಿಗೆಯಲ್ಲಿ ಇಗ್ನಿಷನ್ ಕಾಯಿಲ್ ಪ್ಲಗ್ಗಿಗೆ ಕಿಡಿ ಕಳಿಸುತ್ತದೆ. ಸಂಜೆ ಮಸೂರಿ ಬಿಟ್ಟ ಮೇಲೆ... ಅಲ್ಲ, ಸಾಲಿ ಬಿಟ್ಟ ಮೇಲೆ (ಅಪ್ಪ ಮಧ್ಯಾಹ್ನದ ಊಟಕ್ಕೆ ಮಸೂರಿ ಅಕ್ಕಿ ಅನ್ನ ಕೇಳುತ್ತಿದ್ದರು, ಎರಡೂ ನೆನಪು ಕೂಡಿಬಿಡುತ್ತವೆ) ನಮ್ಮ ಅಂಗಳದಲ್ಲಿ ಆ ಮುಚ್ಚಳ ಬಿಚ್ಚುವ ಕಾರ್ಯಕ್ರಮ. ನನಗೆ ಕಂದೀಲು ಹಿಡಿಯುವ ಕೆಲಸ.

ಪಾಯಿಂಟಿನ ಬಾಯಿ ಸುಮಾರು 0.4 ಮಿಲಿಮೀಟರು ತೆರೆಯಬೇಕು. ಅಪ್ಪನ ಹತ್ತಿರ ಫೀಲರ್ ಗೇಜ್ ಇತ್ತು, ಆದರೆ ಪಾಯಿಂಟು ಯಾವ ಗಳಿಗೆಯಲ್ಲಿ ಬಿಡುತ್ತದೆ ಅಂತ ನೋಡಲು ಸಿಗರೇಟ್ ಪಾಕೀಟಿನ ತೆಳು ಕಾಗದವೇ ಬೇಕು. ಕಾಗದ ನಡುವೆ ಇಟ್ಟು ಮೆಲ್ಲಗೆ ಜಗ್ಗುತ್ತ ಎಂಜಿನ್ ತಿರುಗಿಸಬೇಕು, ಕಾಗದ ಸಡಿಲಾದ ಕ್ಷಣವೇ ಕಿಡಿಯ ಕ್ಷಣ. ಸಿಗರೇಟ್ ಸೇದದ ಅಪ್ಪ ಅಂಗಡಿಗೆ ಹೋಗಿ ಖಾಲಿ ಪಾಕೀಟು ಕೇಳಿ ತರುತ್ತಿದ್ದರು. ಸಾಲಿ ಮಾಸ್ತರ ಸಿಗರೇಟ್ ಪಾಕೀಟು ಆರಿಸುತ್ತಾನೆ ಅಂತ ಓಣಿಯಲ್ಲಿ ಸಣ್ಣ ಸುದ್ದಿಯೂ ಆಗಿತ್ತಂತೆ :-)

ಪ್ಲಗ್ಗು ಯಾವಾಗಲೂ ಮೈಕೋ. ಮೈಕೋ ಅಂದರೆ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಶುರುವಾದದ್ದು 1951ರಲ್ಲಿ. ಜರ್ಮನಿಯ ಬಾಷ್ ಅದರ ಹಿಂದಿತ್ತು, 2008ರಲ್ಲಿ ಹೆಸರೂ ಬಾಷ್ ಎಂದೇ ಆಯಿತು. ಇದೇ ರಾಬರ್ಟ್ ಬಾಷ್ 1887ರಲ್ಲಿ ಎಂಜಿನ್‌ಗೆ ಮ್ಯಾಗ್ನೆಟೋ ಮಾಡಿಕೊಟ್ಟವನು. 1902ರಲ್ಲಿ ಅವನ ಕಂಪನಿಯ ಹೊನೋಲ್ಡ್ ಎಂಬ ಎಂಜಿನಿಯರ್ ಹೆಚ್ಚು ವೋಲ್ಟಿನ ಮ್ಯಾಗ್ನೆಟೋ ಮತ್ತು ಸ್ಪಾರ್ಕ್ ಪ್ಲಗ್ಗಿನ ಜೋಡಿಯನ್ನು ಕೂಡಿಸಿದ. ಸ್ಟುಟ್‌ಗಾರ್ಟ್‌ನ ಆ ಕಿಡಿ ಬೆಂಗಳೂರು ದಾಟಿ ನಮ್ಮ ಓಣಿಗೆ ಬರಲು ಅರ್ಧ ಶತಮಾನಕ್ಕಿಂತ ಹೆಚ್ಚು ಹಿಡಿಯಿತು.

ಆ ಕಾಲದ ಗಾಡಿಗಳು ತಮ್ಮ ಆರೋಗ್ಯವನ್ನು ಸವಾರನಿಗೇ ಹೇಳುತ್ತಿದ್ದವು. ಜಾವಾಕ್ಕೆ ಒಂದು ಕೆಂಪು ದೀಪ: ಎಂಜಿನ್ ಸ್ವಲ್ಪ ಜೋರಾದರೆ ಅದು ಆರಬೇಕು. ಆರಲಿಲ್ಲವೆಂದರೆ ಡೈನಮೋ ಬ್ಯಾಟರಿ ತುಂಬುತ್ತಿಲ್ಲ, ಬ್ರಶ್ಶು ಸವೆದಿದೆ, ಇಲ್ಲವೇ ರೆಗ್ಯುಲೇಟರಿನ ಕಾಂಟ್ಯಾಕ್ಟು ಸುಟ್ಟಿದೆ. ಬುಲೆಟ್‌ನವರಿಗೆ ಇನ್ನೂ ಒಳ್ಳೆಯದಿತ್ತು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತಲ್ಲ, ಅವರ ಗಾಡಿಯ ಹೆಡ್‌ಲೈಟಿನ ಮೇಲೆ ಆಮೀಟರ್ ಕೂತಿರುತ್ತಿತ್ತು. ಮುಳ್ಳು ಒಂದು ಕಡೆ ವಾಲಿದರೆ ಬ್ಯಾಟರಿಗೆ ಕರೆಂಟು ಬರುತ್ತಿದೆ, ಇನ್ನೊಂದು ಕಡೆ ವಾಲಿದರೆ ಹೋಗುತ್ತಿದೆ. ಓದು ಬರದವರಿಗೂ ಆ ಮುಳ್ಳು ಅರ್ಥವಾಗುತ್ತಿತ್ತು.

ಹಾಗಂತ ಅದು ರಾಮರಾಜ್ಯ ಅಂತ ನಾನು ಹೇಳುವುದಿಲ್ಲ. 6 ವೋಲ್ಟಿನ ಹೆಡ್‌ಲೈಟಿನಲ್ಲಿ ರಾತ್ರಿ ಎತ್ತು ಕಾಣುವುದು ಎತ್ತಿಗೆ ಗುದ್ದಿದ ಮೇಲೆಯೇ. ಪಾಯಿಂಟು ಪದೇ ಪದೇ ಉಜ್ಜಬೇಕು. ಮಳೆಗಾಲದಲ್ಲಿ ಎರಿಮಣ್ಣಿನ ರಾಡಿಯಲ್ಲಿ ಗಾಡಿ ನೂಕುವುದೇ ಮಾಸ್ತರಿಕೆ. ಅಪ್ಪನಿಗೆ ರಿಪೇರಿ ಗೊತ್ತಿತ್ತು ಎನ್ನುವುದಕ್ಕಿಂತ, ರಿಪೇರಿ ಗೊತ್ತಿಲ್ಲದೆ ಜಾವಾ ಇಟ್ಟುಕೊಳ್ಳುವಂತಿರಲಿಲ್ಲ ಅನ್ನುವುದೇ ನಿಜ.

ಆ ಎಲ್ಲ ರಿಪೇರಿಗೆ ಅಪ್ಪನ ಹತ್ತಿರ ಇದ್ದದ್ದು ಒಂದು ಬಿಸ್ಕೀಟು ಡಬ್ಬಿ. ಫೀಲರ್ ಗೇಜ್, ಸಣ್ಣ ಅರ, ಎರಡು ಸ್ಕ್ರೂಡ್ರೈವರ್, ಉಜ್ಜುಕಾಗದ, ಮತ್ತು ಒಂದು ಬಲ್ಬ್ ಹೋಲ್ಡರಿಗೆ ಎರಡು ವೈರು ಕಟ್ಟಿ, ಒಂದು ತುದಿಗೆ ಹೊಲಿಗೆ ಮಷೀನಿನ ಸೂಜಿ ಬೆಸೆದ ಟೆಸ್ಟ್ ಲ್ಯಾಂಪು.

ಇನ್ನು 1984-85. ಒಂದೆರಡು ವರ್ಷದೊಳಗೆ ಟಿವಿಎಸ್ ಸುಜುಕಿ, ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100 ರಸ್ತೆಗಿಳಿದವು. ಹೀರೋ ಹೋಂಡಾದ ಜಾಹೀರಾತು ನೆನಪಿರಬೇಕು: ತುಂಬಿಸಿ, ಮುಚ್ಚಿ, ಮರೆತುಬಿಡಿ. ಪೆಟ್ರೋಲಿನ ಬಗ್ಗೆ ಹೇಳಿದ್ದಾದರೂ ಜನ ಎಲ್ಲವನ್ನೂ ಮರೆತರು! ಈ ತಲೆಮಾರಿನ ಗಾಡಿಗಳೊಂದಿಗೆ ನಮ್ಮ ಕಡೆ ಸಿಡಿಐ ಬಂತು. ಜಪಾನಿನ ಕವಾಸಾಕಿ 1969ರಲ್ಲೇ ತನ್ನ ದೊಡ್ಡ ಗಾಡಿಗೆ ಹಾಕಿದ್ದ ತಂತ್ರ ಅದು. ಪಾಯಿಂಟಿನ ಜಾಗದಲ್ಲಿ ಸಣ್ಣ ಕಪ್ಪು ಡಬ್ಬಿ, ಒಳಗೆಲ್ಲ ಅಂಟು ಸುರಿದು ಗಟ್ಟಿ ಮಾಡಿದ್ದು. ಮ್ಯಾಗ್ನೆಟ್ಟಿನ ಹತ್ತಿರ ಕೂತ ಪಲ್ಸರ್ ಕಾಯಿಲ್ 'ಈಗ' ಅಂತ ಚಿಟಿಕೆ ಹೊಡೆಯುತ್ತದೆ, ಡಬ್ಬಿ ತಾನು ಕೂಡಿಟ್ಟ ಕರೆಂಟನ್ನು ಒಮ್ಮೆಲೇ ಕಾಯಿಲ್‌ಗೆ ಸುರಿಯುತ್ತದೆ. ಸವೆಯುವ ಭಾಗವೇ ಇಲ್ಲ.

ಈಗ ಸೆನ್ಸರ್ ಸೆನ್ಸರ್ ಅಂತ ಹೆದರುತ್ತೇವಲ್ಲ, ಆ ಪಲ್ಸರ್ ಕಾಯಿಲ್ಲೇ ನಮ್ಮ ಓಣಿಗೆ ಬಂದ ಮೊದಲ ಸೆನ್ಸರ್. ಯಾರೂ ಅದನ್ನು ಹಾಗೆ ಕರೆಯಲಿಲ್ಲ ಅಷ್ಟೇ.

ಲಾಭ ಬಹಳ ಆಯಿತು. ಗಾಡಿ ಒಂದೇ ಕಿಕ್ಕಿಗೆ ಸುರುವಾಗತೊಡಗಿತು, ಮಾಸ್ತರು, ಪೋಸ್ಟ್‌ಮನ್ನರು ಹೆಂಡತಿ ಮಕ್ಕಳೊಂದಿಗೆ ಬನಶಂಕರಿ ಜಾತ್ರೆಗೆ ಧೈರ್ಯವಾಗಿ ಹೋಗಿಬಂದರು. ಹೋದದ್ದು ಒಂದು: ಅಂಗಳದಲ್ಲಿ ಮುಚ್ಚಳ ಬಿಚ್ಚುವ ಕಾರ್ಯಕ್ರಮ. ಕಿಡಿ ಬರುತ್ತಿಲ್ಲವೆಂದರೆ ಮಿಸ್ತ್ರಿ ಕಿಸೆಯಿಂದ ಒಂದು ಒಳ್ಳೆಯ ಸಿಡಿಐ ತೆಗೆದು ಹಚ್ಚಿ ನೋಡುತ್ತಿದ್ದ. ಸುರುವಾದರೆ ನಿನ್ನ ಡಬ್ಬಿ ಹೋಗಿದೆ. ಯಾಕೆ ಹೋಯಿತು ಅಂತ ಕೇಳುವ ಪದ್ಧತಿ ಅಲ್ಲಿಗೆ ನಿಂತಿತು. 'ಹಚ್ಚಿ ನೋಡು, ಬದಲಿಸು' ಎಂಬ ವೈದ್ಯ ಶುರುವಾಯಿತು. ಅಪ್ಪನ ಜಾವಾ 1997ರಲ್ಲಿ ಸ್ಪೇರು ಸಿಗದೆ ಗುಜರಿಯ ದರಕ್ಕೆ ಹೋಯಿತು. ನಾನು ಆಗ ಕಾಲೇಜು ಮುಗಿಸಿದ್ದೆ, ಆ ಡಬ್ಬಿಯ ಕಡೆ ತಿರುಗಿಯೂ ನೋಡಿರಲಿಲ್ಲ.

ಮೂರನೆಯ ಕಾಲ ಬಂದದ್ದು ಹೊಗೆಯ ದಾರಿಯಿಂದ. 1991ರಲ್ಲಿ ಭಾರತದಲ್ಲಿ ಪೆಟ್ರೋಲ್ ವಾಹನಗಳ ಹೊಗೆಗೆ ಮೊದಲ ಮಿತಿ ಬಂತು. ಆಮೇಲೆ ಒಂದರ ಹಿಂದೊಂದು: 2000, 2005, 2010. 2017ರ ಏಪ್ರಿಲ್‌ನಿಂದ ಬಿಎಸ್-4. ಆ ಮಾರ್ಚ್ 29ರಂದು ಸುಪ್ರೀಂ ಕೋರ್ಟು ಹಳೇ ಬಿಎಸ್-3 ಗಾಡಿಗಳನ್ನು ಏಪ್ರಿಲ್ 1ರಿಂದ ಮಾರುವಂತಿಲ್ಲ ಅಂದಾಗ, ಎರಡೇ ದಿನ ದೇಶದ ತುಂಬ ಶೋರೂಮುಗಳ ಮುಂದೆ ರಿಯಾಯಿತಿಗೆ ಜನ ಮುಗಿಬಿದ್ದದ್ದು ನೆನಪಿದೆಯಲ್ಲ? ಅದೇ ಏಪ್ರಿಲ್‌ನಿಂದ ಹಗಲಲ್ಲೂ ಆರದ ಹೆಡ್‌ಲೈಟು ಬಂತು. ಮೊದಲ ಎರಡು ವರ್ಷ ಅಮೀನಗಡದ ಸಂತೆಯಲ್ಲಿ ದಾಟಿದವರೆಲ್ಲ ಕೈ ಬೆರಳು ಚಿಮುಕಿಸಿ "ಲೈಟ್ ಹತ್ತೈತಿ, ಲೈಟ್ ಹತ್ತೈತಿ" ಅನ್ನುತ್ತಿದ್ದರು. ಎಷ್ಟು ಜನಕ್ಕೆ ಅಂತ ವಿವರಿಸೋದು?

2020ರ ಏಪ್ರಿಲ್ 1ಕ್ಕೆ ಬಿಎಸ್-6, ಲಾಕ್‌ಡೌನಿನ ನಡುವೆ. ಕಾರ್ಬ್ಯುರೇಟರಿನ ಕಾಲ ಹೆಚ್ಚೂಕಡಿಮೆ ಅಲ್ಲಿಗೆ ಮುಗಿಯಿತು, ನೂರು ಸಿಸಿಯ ಗಾಡಿಗೂ ಫ್ಯುಯಲ್ ಇಂಜೆಕ್ಷನ್ ಬಂತು. ಅದೇನು ಅಂದು ಹುಟ್ಟಿದ್ದಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಸೆನ್ಸರ್ ಅನ್ನು ಬಾಷ್ ಕಂಪನಿಯೇ 1976ರಲ್ಲಿ ವೋಲ್ವೋ ಕಾರಿಗೆ ಕೊಟ್ಟಿತ್ತು. ಕವಾಸಾಕಿ 1980ರಲ್ಲಿ, ಹೋಂಡಾ 1982ರಲ್ಲಿ ಇಂಜೆಕ್ಷನ್ನಿನ ಮೋಟಾರ್‌ಸೈಕಲ್ ಮಾಡಿದ್ದವು. ನಮ್ಮ ದೇಶದಲ್ಲೇ 2006ರಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್‌ಐ ಬಂದಿತ್ತು, ಆಗ ಜನ ಕಣ್ಣೆತ್ತಿ ನೋಡಲಿಲ್ಲ.

ಈಗ ಗಾಡಿಯೊಳಗೆ ಗಾಳಿಯ ಒತ್ತಡಕ್ಕೊಂದು, ಅದರ ಬಿಸಿಗೊಂದು, ಆಕ್ಸಿಲರೇಟರ್ ಎಷ್ಟು ತಿರುವಿದಿರಿ ಅನ್ನುವುದಕ್ಕೊಂದು, ಎಂಜಿನ್ನಿನ ಬಿಸಿಗೊಂದು, ಹೊಗೆಗೊಂದು ಸೆನ್ಸರ್. ಪಲ್ಸರ್ ಕಾಯಿಲ್ ಕ್ರ್ಯಾಂಕ್ ಸೆನ್ಸರ್ ಆಗಿ ಬಡ್ತಿ ಪಡೆದಿದೆ. ಎಲ್ಲರ ವರದಿ ಇಸಿಯುಗೆ ಹೋಗುತ್ತದೆ. ಯಾರಾದರೂ ತಪ್ಪು ವರದಿ ಕೊಟ್ಟರೆ ಹಳದಿ ದೀಪ ಹತ್ತುತ್ತದೆ. ಅಂದರೆ ನೋಡಿ, ಜಾವಾದ ಕೆಂಪು ದೀಪ ನಡುವೆ ಮೂವತ್ತು ವರ್ಷ ಮಾಯವಾಗಿ ಹಳದಿಯಾಗಿ ವಾಪಸು ಬಂದಿದೆ! ಗಾಡಿ ಮತ್ತೆ ಮಾತಾಡುತ್ತಿದೆ. ವ್ಯತ್ಯಾಸ ಇಷ್ಟೇ, ಕೆಂಪು ದೀಪದ ಅರ್ಥವನ್ನು ಗಾಡಿ ಜೊತೆ ಕೊಡುತ್ತಿದ್ದ ಪುಸ್ತಕದಲ್ಲಿ ಬರೆದಿರುತ್ತಿತ್ತು. ಹಳದಿ ದೀಪ ಹತ್ತಿದರೆ ನನ್ನ ಗಾಡಿಯ ಪುಸ್ತಕದಲ್ಲಿ ಇರುವುದು ಒಂದೇ ವಾಕ್ಯ, ಸರ್ವೀಸ್ ಸೆಂಟರಿಗೆ ಹೋಗಿ ಅಂತ.

ಸರಿ, ಕಟ್ಟೆಗೆ ವಾಪಸು ಬರೋಣ.

ಅಪ್ಪ ಡಬ್ಬಿ ತರಿಸಿದರು. ಟೆಸ್ಟ್ ಲ್ಯಾಂಪು ಇನ್ನೂ ಇತ್ತು. ನಾನು ಅದರ ಕ್ಲಿಪ್ಪನ್ನು ಬ್ಯಾಟರಿಗೆ ಹಚ್ಚಲು ಹೋದೆ. "ತಡಿಯೋ! ಅದು ಆರರ ಬಲ್ಬ್. ನಿನ್ನ ಗಾಡಿ ಹನ್ನೆರಡರದ್ದು. ಹಾರಿ ಹೊಕ್ಕೈತಿ" ಅಂದರು. ಉಂಡದ್ದು ಮರೆಯುವ ಮನುಷ್ಯ! ಇಂಡಿಕೇಟರಿನ 12 ವೋಲ್ಟಿನ ಬಲ್ಬು ತೆಗೆದು ಅದರೊಳಗೆ ಹಾಕಿದೆ. ಅಪ್ಪ ಆರರ ಬಲ್ಬನ್ನು ಕೈಚೀಟಿಯಲ್ಲಿ ಸುತ್ತಿ ತಮ್ಮ ಅಂಗಿ ಕಿಸೆಯೊಳಗೆ ಇಟ್ಟುಕೊಂಡರು.

ಮುಂದಿನದು ಬರೀ ಹೆಜ್ಜೆ ಹೆಜ್ಜೆಯಾಗಿ ನಡೆಯುವ ಕೆಲಸ. ಬ್ಯಾಟರಿಯಲ್ಲಿ ಬಲ್ಬು ಹತ್ತಿತು. ಫ್ಯೂಸಿನ ಎರಡೂ ಕಾಲಲ್ಲಿ ಹತ್ತಿತು. ಕೀ ಹಾಕಿ, ಕೀ ದಾಟಿದ ವೈರಿನಲ್ಲಿ ನೋಡಿದರೆ ಹತ್ತಿತು (ಹಾರ್ನ್ ಬರುತ್ತಿದೆಯಲ್ಲ, ಅದಕ್ಕೇ). ಬಲಗೈ ಹತ್ತಿರ ಕೆಂಪು ಎಂಜಿನ್ ಸ್ಟಾಪ್ ಸ್ವಿಚ್ ಇದೆಯಲ್ಲ, ನನ್ನ ಗಾಡಿಯಲ್ಲಿ ಪಂಪಿಗೂ ಇಸಿಯುಗೂ ಹೋಗುವ ಕರೆಂಟು ಅದನ್ನು ದಾಟಿ ಹೋಗುತ್ತದೆ. ಸ್ವಿಚ್ಚಿನ ಈಚೆ ಹತ್ತಿತು, ಆಚೆಯೂ ಹತ್ತಿತು. ಸೀಟಿನ ಕೆಳಗೆ ಪಂಪಿನ ರಿಲೇಯ ಹತ್ತಿರ ಅದೇ ಬಣ್ಣದ ವೈರಿಗೆ ಸೂಜಿ ಹಚ್ಚಿದರೆ... ಕತ್ತಲೆ.

"ಹ್ಯಾಂಡಲ್ ಹೊರಳಸು" ಅಂದರು ಅಪ್ಪ. ಬಲಕ್ಕೆ ಹೊರಳಿಸಿದೆ, ಬಲ್ಬು ಮಿಣುಕ್ ಅಂತು. ಎಡಕ್ಕೆ ಹೊರಳಿಸಿದೆ, ಆರಿತು.

ಹೆಡ್‌ಲೈಟು ಬಿಚ್ಚಿದೆವು. ಹ್ಯಾಂಡಲಿನಿಂದ ಬರುವ ವೈರುಗಳ ಕಟ್ಟು ಚಾಸಿಯ ಕುತ್ತಿಗೆಯ ಹತ್ತಿರ ಬಾಗುವ ಜಾಗ. ಜಾವಾದಲ್ಲಿಯೂ ಅಲ್ಲಿಯೇ ಹೋಗುತ್ತಿತ್ತು ಅಂತ ಅಪ್ಪ ಅಂದರು. ಆದರೆ ಹೊರಗಿನ ಪ್ಲಾಸ್ಟಿಕ್ ಎಲ್ಲಿಯೂ ಹರಿದಿಲ್ಲ, ಯಾವ ವೈರು ಅಂತ ಕಣ್ಣಿಗೆ ಕಾಣದು. ಆಗ ಬಂದವರು ಪಕ್ಕದ ಮನೆಯ ಕಾಕಾ. ಜೀವಮಾನವೆಲ್ಲ ಇಳಕಲ್ ಸೀರೆ ನೇಯ್ದವರು. ನಮ್ಮ ಸೀರೆಗೆ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಸಾವಿರಾರು ಎಳೆಯಲ್ಲಿ ಹರಿದದ್ದು ಯಾವುದು ಅಂತ ಬೆರಳಿಗೆ ಗೊತ್ತಾಗಬೇಕು. ಕಾಕಾ ಒಂದೊಂದೇ ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗುತ್ತ ಹೋದರು. ಒಂದು ಕಡೆ ನಿಂತರು. "ಇದರಾಗ ಎಲುಬಿಲ್ಲ ನೋಡು." ನಾನು ಹಿಡಿದು ನೋಡಿದೆ. ನಿಜ, ಅಲ್ಲಿ ಒಂದು ಕಡಲೆಕಾಳಿನಷ್ಟು ಜಾಗ ರಬ್ಬರಿನಂತೆ ಹಿಗ್ಗುತ್ತಿತ್ತು. ಮೇಲಿನ ತೊಗಲು ಗಟ್ಟಿ, ಒಳಗಿನ ತಾಮ್ರ ಹರಿದಿದೆ!

ಅಲ್ಲಿ ಕತ್ತರಿಸಿ, ಸ್ವಲ್ಪ ಸಡಿಲು ಬಿಟ್ಟು ಹೊಸ ತುಂಡು ಕೂಡಿಸಿ, ರೇಡಿಯೋ ರಿಪೇರಿಯವನ ಕಡೆಯಿಂದ ಬೆಸುಗೆ ಹಾಕಿಸಿ, ಬಿಸಿಗೆ ಕುಗ್ಗುವ ಸ್ಲೀವ್ ತೊಡಿಸಿದೆವು. ಖರ್ಚು 60 ರೂಪಾಯಿ. ಕೀ ತಿರುಗಿಸಿದೆ. ಹಳದಿ ದೀಪ ಹತ್ತಿ ಆರಿತು. 'ಗುಂಯ್.' ಸತ್ತಿದೆ ಅಂದಿದ್ದ ಇಸಿಯು ಇವತ್ತಿಗೂ ಅದೇ ಗಾಡಿಯಲ್ಲಿ ಇದೆ.

ಸರ್ವೀಸಿನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸ್ಕ್ಯಾನರಿಗೆ ಉತ್ತರ ಬರಲಿಲ್ಲ, ಅವನಿಗೆ ಕಲಿಸಿದ ಪ್ರಕಾರ ಉತ್ತರ ಕೊಡದವನು ಸತ್ತವನು. ಕಿಸೆಯಲ್ಲಿ ಸಿಡಿಐ ಇಟ್ಟುಕೊಂಡ ಮಿಸ್ತ್ರಿಯ ಮೊಮ್ಮಗ ಅವನು, ಅಷ್ಟೇ.

ಇದಾದ ಮೇಲೆ ನನಗೆ ಹುಚ್ಚು ಹಿಡಿಯಿತು ಅನ್ನಿ. 400 ರೂಪಾಯಿಗೆ ಒಂದು ಡಿಜಿಟಲ್ ಮಲ್ಟಿಮೀಟರ್ ಕೊಂಡೆ. ಬಾದಾಮಿಯಲ್ಲಿರುವ ಸೋದರಮಾವನ ಮಗನ ಗಾಡಿಯಲ್ಲಿ ಹಳದಿ ದೀಪ ಆರುತ್ತಲೇ ಇರಲಿಲ್ಲ, ಬಿಸಿಯಾದ ಮೇಲೆ ಪೆಟ್ರೋಲ್ ಕುಡಿಯುತ್ತಿತ್ತು. ಹೋಂಡಾ ಪದ್ಧತಿಯ ಗಾಡಿ. ಅವುಗಳಲ್ಲಿ ದೀಪ ಮಿನುಗುವುದನ್ನು ಎಣಿಸಿದರೆ ಕಾಯಿಲೆಯ ನಂಬರು ಸಿಗುತ್ತದೆ: ಉದ್ದನೆಯ ಮಿನುಗಿಗೆ ಹತ್ತು, ಗಿಡ್ಡದಕ್ಕೆ ಒಂದು. 7 ಎಂದರೆ ಎಂಜಿನ್ ಬಿಸಿಯ ಸೆನ್ಸರ್, 8 ಎಂದರೆ ಆಕ್ಸಿಲರೇಟರಿನದು, 12 ಇಂಜೆಕ್ಟರ್, 21 ಆಮ್ಲಜನಕದ್ದು. ನಾವಿಬ್ಬರೂ ಮದುವೆ ಮನೆಯಲ್ಲಿ ಆಯೇರಿ ಎಣಿಸಿದಂತೆ ಎಣಿಸಿದೆವು. ಏಳು.

ಬಿಸಿಯ ಸೆನ್ಸರ್ ಅಂದರೆ ಬಿಸಿ ಏರಿದಂತೆ ರೆಸಿಸ್ಟೆನ್ಸ್ ಇಳಿಯುವ ಒಂದು ಸಣ್ಣ ಮಣಿ. ಪ್ಲಗ್ ಕಳಚಿ ಮೀಟರ್ ಹಚ್ಚಿ, ಎಂಜಿನ್ ತಣ್ಣಗಿದ್ದಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ಅಳೆದೆವು. ಸರಿಯಾಗಿ ಇಳಿಯಿತು. ಹಾಗಾದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ, ದಾರಿಯಲ್ಲಿ ಯಾರೋ ಮಾತು ಕೆಡಿಸುತ್ತಿದ್ದಾರೆ. ಕನೆಕ್ಟರಿನೊಳಗೆ ಬ್ಯಾಟರಿ ಹಾಕಿ ನೋಡಿದರೆ... ಅಯ್ಯೋ, ಇವನಿಗೆ ಟಾರ್ಚ್ ಅನ್ನುವುದಕ್ಕೂ ಬ್ಯಾಟರಿ ಅನ್ನುವ ರೂಢಿ, ತಪ್ಪು ತಿಳಿಯಬೇಡಿ. ಟಾರ್ಚ್ ಹಾಕಿ ನೋಡಿದರೆ ಒಂದು ಪಿನ್ನಿನ ಮೇಲೆ ಹಸಿರು ಕಿಲುಬು, ಅದರ ಮೇಲೆ ಬಾದಾಮಿಯ ಕೆಂಪು ಉಸುಕಿನ ಧೂಳು. ವಾರಕ್ಕೊಮ್ಮೆ ಪ್ರೆಶರ್ ನೀರಿನಲ್ಲಿ ಗಾಡಿ ತೊಳೆಸುವ ಚಟ ಅವನಿಗೆ. ಸ್ಪ್ರೇ ಹೊಡೆದು, ಪಿನ್ ಉಜ್ಜಿ, ಕೂಡಿಸಿ, ಹಳೇ ಕೋಡು ಅಳಿಸಿದ ಮೇಲೆ ದೀಪ ಆರಿತು.

ನಮ್ಮ ಕಡೆಯ ಹವೆಗೆ ಇದು ಸಹಜ. ಬಾದಾಮಿಯಲ್ಲಿ ಮರಳುಗಲ್ಲಿನ ಧೂಳು, ಇಳಕಲ್ಲಿನಲ್ಲಿ ಗ್ರಾನೈಟ್ ಕೊರೆದ ಬಿಳಿ ಪುಡಿ, ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿನ ಥಂಡಿ. ಹುನಗುಂದದ ಹೊಲಗಳ ಕಡೆ ಕಡಲೆ, ಜೋಳದ ರಾಶಿ ಬಂದಾಗ ಇಲಿಗಳು ಸೀಟಿನ ಕೆಳಗೆ ಸಂಸಾರ ಹೂಡಿ ವೈರು ಕಡಿಯುತ್ತವೆ. ಡಬ್ಬಿಗಳು ಭದ್ರವಾಗಿ ಮುಚ್ಚಿರುತ್ತವೆ. ಬಯಲಲ್ಲಿ ಇರುವವು ವೈರು, ಕೀಲು, ಅರ್ಥ್. ನಾನು ಇದುವರೆಗೆ ನೋಡಿದ ಏಳೆಂಟು ಗಾಡಿಗಳಲ್ಲಿ ನಿಜವಾಗಿ ಕೆಟ್ಟಿದ್ದ ಸೆನ್ಸರ್ ಒಂದೇ ಒಂದು.

ಆದರೆ ಅಪ್ಪನ ಕಾಲದ ಎಲ್ಲ ವಿದ್ಯೆಯೂ ಈಗ ನಡೆಯುವುದಿಲ್ಲ, ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆ ಸೂಜಿ ಬಲ್ಬು ಬ್ಯಾಟರಿಯ ಕರೆಂಟು ಹರಿಯುವ ದಪ್ಪ ದಾರಿಗೆ ಮಾತ್ರ. ಸೆನ್ಸರುಗಳ 5 ವೋಲ್ಟಿನ ವೈರಿಗೆ ಹಚ್ಚಿದರೆ ಬಲ್ಬು ಎಳೆಯುವ ಕರೆಂಟಿಗೆ ಇಸಿಯು ನಿಜವಾಗಿಯೂ ಸಾಯಬಹುದು, ಅಲ್ಲಿ ಮಲ್ಟಿಮೀಟರೇ ಬೇಕು. ಗಾಡಿ ಚಾಲೂ ಇದ್ದಾಗ ಬ್ಯಾಟರಿ ವೈರು ಕಿತ್ತು 'ಚಾರ್ಜ್ ಆಗ್ತೈತೋ ಇಲ್ಲೋ' ನೋಡುವ ಹಳೇ ಚಾಳಿ ಬಿಡಲೇಬೇಕು. ವೋಲ್ಟೇಜ್ ಒಮ್ಮೆಲೇ ಜಿಗಿದು ಎಲ್ಲವನ್ನೂ ಸುಡುತ್ತದೆ. ಅದರ ಬದಲು ಬ್ಯಾಟರಿ ಮೇಲೆ ಮೀಟರ್ ಇಡಿ: ಗಾಡಿ ನಿಂತಾಗ 12.6ರ ಆಸುಪಾಸು, ಚಾಲೂ ಇದ್ದಾಗ 13.5ರಿಂದ 14.5ರೊಳಗೆ ಇದ್ದರೆ ಆಯಿತು. ಅರ್ಥ್ ನೋಡಲು ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಮೈಗೆ ಇಟ್ಟು ಸೆಲ್ಫ್ ಒತ್ತಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿನ ಬೋಲ್ಟು ಬಿಚ್ಚಿ ಉಜ್ಜಿ ಬಿಗಿಯಿರಿ. ನನಗೆ ಗೊತ್ತಿರುವುದರಲ್ಲಿ ಎಲ್ಲಕ್ಕಿಂತ ಅಗ್ಗದ ಔಷಧಿ ಅದು.

2022ರ ಜುಲೈನಲ್ಲಿ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಅದಕ್ಕೊಂದು ಪೋರ್ಟಲ್ಲೂ ಬಂತು. ಮೊಬೈಲು, ಮನೆ ಸಾಮಾನು, ಒಕ್ಕಲುತನದ ಯಂತ್ರಗಳ ಜೊತೆ ವಾಹನಗಳೂ ಅದರಲ್ಲಿ ಸೇರಿವೆ. ಒಳ್ಳೆಯದೇ. ನನ್ನ ಬೇಡಿಕೆ ಬಹಳ ಸಣ್ಣದು. ಗಾಡಿ ಜೊತೆ ಕೊಡುವ ಪುಸ್ತಕದಲ್ಲಿ ಎರಡೇ ಪುಟ ಹೆಚ್ಚು ಹಾಕಿ, ಒಂದರಲ್ಲಿ ವೈರಿಂಗ್ ನಕ್ಷೆ, ಇನ್ನೊಂದರಲ್ಲಿ ದೀಪದ ನಂಬರುಗಳು, ಕನ್ನಡದಲ್ಲಿ. ಅಪ್ಪನ ಜಾವಾದ ಎಣ್ಣೆ ಹತ್ತಿದ ಪುಸ್ತಕದ ಹಿಂದಿನ ಪುಟದಲ್ಲಿ ನಕ್ಷೆ ಇತ್ತು. ಇಂಗ್ಲೀಷಿನಲ್ಲಿದ್ದರೂ ಅಪ್ಪ ವೈರಿನ ಬಣ್ಣಗಳ ಹೆಸರನ್ನು ಪೆನ್ಸಿಲ್ಲಿನಿಂದ ಕನ್ನಡದಲ್ಲಿ ಬರೆದಿಟ್ಟಿದ್ದರು.

ಈ ಸಲ ಸಾಲಿ ಸುರುವಾಗುವ ಮೊದಲೇ ಹಳ್ಳಿ ಅಂಗಡಿಗಳಿಗೆಲ್ಲ ನೋಟ್‌ಬುಕ್ಕು ಮುಟ್ಟಿಸಿದೆ. ಡಬ್ಬಿಯೊಳಗೆ ಈಗ ಫೀಲರ್ ಗೇಜಿನ ಪಕ್ಕ ಮಲ್ಟಿಮೀಟರ್ ಮಲಗಿದೆ. ಮೊನ್ನೆ ಅಪ್ಪ ಬೆಳಿಗ್ಗೆಯಿಂದ ಅಂಗಿ ಕಿಸೆ ತಡಕಾಡುತ್ತಿದ್ದರು. ಏನಪ್ಪಾ ಅಂದರೆ, "ಆರರ ಬಲ್ಬ್ ಇಟ್ಟಿದ್ನೆಲ್ಲೋ, ಒಗ್ಯಾಣಕ್ಕ ಹಾಕ್ಯಾರೇನು ಅಂಗಿ?" ಅಂದರು. ಕೈಚೀಟಿ ಬಿಚ್ಚಿ ತೋರಿಸಿದೆ, ಡಬ್ಬಿಯಲ್ಲೇ ಇತ್ತು.